ಬೆಕ್ಕಿಗೆ ನೆಗಡಿ ಆದ್ರ ಮನ್ಯಾಗಿನ ಗುಳಿಗಿ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರ, ನಮ್ಮ ಬೆಕ್ಕು ನಿನ್ನಿಯಿಂದ ಒಂದೇ ಸಮ ಸೀನಾಕತ್ತೈತಿ, ಕಣ್ಣಾಗ ನೀರು, ಮೂಗು ಕಟ್ಟೈತಿ, ಊಟಾನೂ ಮೂಸಿ ನೋಡವಲ್ದು. ಅರ್ಧ ಪ್ಯಾರಾಸಿಟಮಾಲ್ ಕೊಡ್ಲೇನ್ರಿ?
– ಓದುಗರು, ವಿಜಯಪುರ

ಉತ್ತರ: ಒಂದ ಚೂರೂ ಕೊಡಬ್ಯಾಡ್ರಿ, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಜೀವಾನೇ ಹೋಗ್ತೈತಿ. ಇದು ಹೆಚ್ಚಾಗಿ ಬೆಕ್ಕಿನ ಹರ್ಪಿಸ್ ಇಲ್ಲಾ ಕ್ಯಾಲಿಸಿ ವೈರಸ್‌ನಿಂದ ಬರೋ ನೆಗಡಿ, ನಮಗ ಅಂಟಂಗಿಲ್ಲ, ಆದ್ರ ಮನ್ಯಾಗ ಬ್ಯಾರೆ ಬೆಕ್ಕಿದ್ರ ದೂರ ಇಡ್ರಿ. ಉಗುರುಬೆಚ್ಚನ ನೀರಾಗ ಹತ್ತಿ ಅದ್ದಿ ಕಣ್ಣು, ಮೂಗು ಮೆಲ್ಲಕ ಒರಸ್ರಿ. ಮೂಗು ಕಟ್ಟಿದ್ರ ವಾಸನಿ ಗೊತ್ತಾಗಂಗಿಲ್ಲ, ಅದಕ್ಕ ಊಟ ಬಿಡ್ತಾವು, ಮೀನೋ ಕೋಳಿನೋ ಸ್ವಲ್ಪ ಬೆಚ್ಚಗ ಮಾಡಿ ಮುಂದ ಇಡ್ರಿ. 24 ತಾಸು ಏನೂ ತಿನ್ನಲಿಲ್ಲಂದ್ರ, ಬಾಯಿ ತೆರದು ಉಸಿರಾಡಾಕತ್ತಿದ್ರ, ಇಲ್ಲಾ ಸಣ್ಣ ಮರಿ ಇದ್ರ, ಕಾಯಬ್ಯಾಡ್ರಿ, ಸೀದಾ ಪಶು ಆಸ್ಪತ್ರಿಗೆ ಒಯ್ರಿ. ಆರಾಮಾದ ಮ್ಯಾಲ ಲಸಿಕಿ ಹಾಕಸ್ರಿ.