ನಾಯಿಯ ವಾಂತಿ: ಎಷ್ಟು ಹೊತ್ತು ಕಾಯಬಹುದು, ಯಾವಾಗ ಓಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾಕುನಾಯಿಗಳ ವಾಂತಿಯ ಕುರಿತಾದವು. ಐದನ್ನು ಆಯ್ದು ಪಶುವೈದ್ಯರ ಮುಂದಿಟ್ಟೆವು. ಅವರ ಉತ್ತರಗಳು ಇಲ್ಲಿವೆ.

ಪ್ರಶ್ನೆ: ಎರಡೂವರೆ ತಿಂಗಳ ರಾಟ್‌ವೈಲರ್ ಮರಿಯನ್ನು ಮನೆಗೆ ತಂದು ಹತ್ತು ದಿನವಾಯಿತು. ನಿನ್ನೆ ಸಂಜೆಯಿಂದ ನಾಲ್ಕೈದು ಸಲ ಬಿಳಿ ನೊರೆ ವಾಂತಿ ಮಾಡಿದೆ. ಇಂದು ಏನೂ ತಿನ್ನದೆ ಮೂಲೆಯಲ್ಲಿ ಮಲಗಿದೆ. ಒಂದು ಲಸಿಕೆ ಆಗಿದೆ ಎಂದು ಮಾರಿದವರು ಹೇಳಿದ್ದರು. ಔಷಧಿ ಅಂಗಡಿಯಿಂದ ವಾಂತಿ ನಿಲ್ಲುವ ಸಿರಪ್ ತಂದು ಕುಡಿಸಿದ್ದೇವೆ. ನಾಳೆಯವರೆಗೆ ನೋಡಬಹುದೇ? — ದಾವಣಗೆರೆಯ ಓದುಗರು

ಉತ್ತರ: ನೋಡಬೇಡಿ, ಈಗಲೇ ಹೊರಡಿ. ಬಂದ ಪತ್ರಗಳಲ್ಲಿ ನಿಮ್ಮದನ್ನು ಮೊದಲು ಎತ್ತಿಕೊಂಡಿದ್ದು ಇದೇ ಕಾರಣಕ್ಕೆ. ಈ ವಯಸ್ಸಿನ ಮರಿ ವಾಂತಿ ಮಾಡಿ, ಆಹಾರ ಬಿಟ್ಟು, ಆಟ ಬಿಟ್ಟು ಮಲಗಿತೆಂದರೆ ನಾವು ಮೊದಲು ಶಂಕಿಸುವುದು ಪಾರ್ವೊ ವೈರಸ್ಸನ್ನು. ಅನೇಕ ಮರಿಗಳಲ್ಲಿ ಮೊದಲು ವಾಂತಿ ಶುರುವಾಗುತ್ತದೆ. ದುರ್ವಾಸನೆಯ ರಕ್ತಭೇದಿ ಕಾಣಿಸುವುದು ಒಂದು ದಿನ ಕಳೆದ ಮೇಲೆ. ಭೇದಿ ಇಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡು ಜನ ಆ ಒಂದು ದಿನವನ್ನು ಕಳೆದುಕೊಳ್ಳುತ್ತಾರೆ. ನನಗೆ ಅತ್ಯಂತ ನೋವು ಕೊಡುವ ವಿಷಯ ಅದು.

ಪಾರ್ವೊ ಕರುಳಿನ ಒಳಪದರದಲ್ಲಿ ಹೊಸದಾಗಿ ಹುಟ್ಟುವ ಜೀವಕೋಶಗಳನ್ನು ನಾಶಮಾಡುತ್ತದೆ. ಜೊತೆಗೆ ಮೂಳೆಮಜ್ಜೆಯ ಮೇಲೂ ದಾಳಿ ಮಾಡುವುದರಿಂದ ಬಿಳಿ ರಕ್ತಕಣಗಳು ಕುಸಿಯುತ್ತವೆ. ಕರುಳಿನ ಗೋಡೆ ಸಡಿಲಗೊಂಡು ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುವ ಹೊತ್ತಿಗೇ ಅದನ್ನು ಎದುರಿಸುವ ಸೈನ್ಯವೂ ಇಲ್ಲದಂತಾಗುತ್ತದೆ. ಮಲದ ಮಾದರಿಯಿಂದ ಹತ್ತು ಹದಿನೈದು ನಿಮಿಷದಲ್ಲಿ ಪರೀಕ್ಷೆ ಮಾಡಬಹುದು. ವೈರಸ್ಸನ್ನು ನೇರವಾಗಿ ಕೊಲ್ಲುವ ಮಾತ್ರೆ ಇಲ್ಲ. ರಕ್ತನಾಳದ ಮೂಲಕ ಡ್ರಿಪ್, ವಾಂತಿ ತಡೆಯುವ ಚುಚ್ಚುಮದ್ದು, ಆಂಟಿಬಯಾಟಿಕ್, ರಕ್ತದ ಸಕ್ಕರೆ ಬೀಳದಂತೆ ನಿಗಾ: ಇವುಗಳಿಂದ ಮರಿಯನ್ನು ಕೆಲವು ದಿನ ಹಿಡಿದಿಟ್ಟುಕೊಂಡರೆ ಅದರ ದೇಹವೇ ಚೇತರಿಸಿಕೊಳ್ಳುತ್ತದೆ. ಬೇಗ ಚಿಕಿತ್ಸೆ ಸಿಕ್ಕ ಮರಿಗಳಲ್ಲಿ ಹೆಚ್ಚಿನವು ಬದುಕುತ್ತವೆ. ಚಿಕಿತ್ಸೆಯೇ ಸಿಗದಿದ್ದರೆ ಹೆಚ್ಚಿನವು ಉಳಿಯುವುದಿಲ್ಲ.

ಒಂದು ಲಸಿಕೆ ಏಕೆ ಸಾಲದು? ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವಷ್ಟು ದಿನ ಲಸಿಕೆಯನ್ನೂ ಅದು ನಿಷ್ಫಲಗೊಳಿಸಬಲ್ಲದು. ಆ ರಕ್ಷಣೆ ಯಾವ ವಾರ ಕರಗುತ್ತದೆ ಎಂಬುದು ಒಂದೊಂದು ಮರಿಯಲ್ಲಿ ಒಂದೊಂದು ಥರ. ಆದ್ದರಿಂದಲೇ 6ರಿಂದ 8 ವಾರಕ್ಕೆ ಆರಂಭಿಸಿ, 3ರಿಂದ 4 ವಾರಕ್ಕೊಮ್ಮೆ, ಕನಿಷ್ಠ 16 ವಾರ ತುಂಬುವವರೆಗೆ ಲಸಿಕೆ ಹಾಕಿಸಬೇಕು. ಮಾರಿದವರ ಬಾಯಿಮಾತು ಸಾಲದು, ಬಾಟಲಿಯ ಲೇಬಲ್ ಅಂಟಿಸಿ ವೈದ್ಯರು ಸಹಿ ಮಾಡಿದ ಕಾರ್ಡ್ ಇದೆಯೇ ನೋಡಿ.

ಸಿರಪ್ ಮತ್ತೆ ಕುಡಿಸಬೇಡಿ. ಹೊಟ್ಟೆಯಲ್ಲಿ ನಿಲ್ಲದೆ ಅದೂ ಹೊರಬರುತ್ತದೆ. ಕರುಳಿನಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ಅಪಾಯವನ್ನೇ ತರಬಹುದು. ಪಾರ್ವೊ ಅಲ್ಲದೆ ಜಂತುಹುಳುವಿನ ಹೊರೆ, ಕರುಳಿನೊಳಗೆ ಕರುಳು ಸೇರಿಕೊಳ್ಳುವ ತೊಂದರೆಗಳೂ ಮರಿಗಳಲ್ಲಿ ಹೀಗೆಯೇ ಕಾಣಿಸುತ್ತವೆ. ಪಾರ್ವೊ ಎಂದೇ ಖಚಿತವಾದರೆ ಮನೆಯ ನೆಲವನ್ನು ಮೊದಲು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಸುರಿದು ಹತ್ತು ನಿಮಿಷ ಬಿಡಿ. ಸಾಮಾನ್ಯ ಫಿನೈಲನ್ನು ಇದಕ್ಕೆ ನಂಬುವಂತಿಲ್ಲ. ಅಂಗಳದ ಮಣ್ಣಿನಲ್ಲಿ ಈ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ, ಲಸಿಕೆ ಪೂರ್ಣವಾಗದ ಬೇರೆ ಮರಿಯನ್ನು ಸದ್ಯ ಅಲ್ಲಿಗೆ ತರಬೇಡಿ.

ಪ್ರಶ್ನೆ: ನಮ್ಮ ಐದು ವರ್ಷದ ಮುಧೋಳ ನಾಯಿ ವಾರಕ್ಕೆ ಎರಡು ಮೂರು ದಿನ ಬೆಳಗಿನ ಜಾವ ಹಳದಿ ನೀರು ವಾಂತಿ ಮಾಡುತ್ತದೆ. ಆಮೇಲೆ ಎಂದಿನಂತೆ ಓಡಾಡುತ್ತದೆ, ಊಟವನ್ನೂ ಮಾಡುತ್ತದೆ. ಸಂಜೆ ಆರಕ್ಕೆ ಮುದ್ದೆ, ಮೊಟ್ಟೆ ಹಾಕುತ್ತೇವೆ. ಹುಲ್ಲು ತಿನ್ನುವುದೂ ಇದೆ. ಪಿತ್ತ ಹೆಚ್ಚಾಗಿದೆಯೇ? — ಜಮಖಂಡಿಯ ಓದುಗರು

ಉತ್ತರ: ಹಳದಿ ಬಣ್ಣ ಪಿತ್ತರಸದ್ದೇ. ಆದರೆ ಅದು ಹೆಚ್ಚಾಗಿದೆ ಎಂದಲ್ಲ. ಸಂಜೆ ಆರಕ್ಕೆ ಉಂಡ ನಾಯಿಯ ಹೊಟ್ಟೆ ಬೆಳಗಿನ ಜಾವಕ್ಕೆ ಪೂರ್ತಿ ಖಾಲಿ. ಆಗ ಕರುಳಿನಲ್ಲಿರಬೇಕಾದ ಪಿತ್ತರಸ ಮೇಲಕ್ಕೆ ಜಠರಕ್ಕೆ ಬಂದು ಉರಿ ಉಂಟುಮಾಡುತ್ತದೆ. ರಾತ್ರಿ ಮಲಗುವ ಮುನ್ನ, ಹತ್ತು ಗಂಟೆಯ ಸುಮಾರಿಗೆ, ದಿನದ ಪಾಲಿನಿಂದಲೇ ಒಂದು ಹಿಡಿ ತೆಗೆದಿಟ್ಟು ಹಾಕಿ. ಬೆಳಿಗ್ಗೆ ಎದ್ದಕೂಡಲೇ ಇನ್ನೊಂದಿಷ್ಟು. ಅನೇಕ ನಾಯಿಗಳಲ್ಲಿ ಇಷ್ಟರಿಂದಲೇ ನಿಲ್ಲುತ್ತದೆ. ಎರಡು ವಾರ ಹೀಗೆ ಮಾಡಿಯೂ ನಿಲ್ಲದಿದ್ದರೆ, ಇಲ್ಲವೇ ತೂಕ ಇಳಿಯುತ್ತಿದ್ದರೆ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಅಗತ್ಯ. ಉಣ್ಣೆ ಹತ್ತಿದ್ದರೆ ವೈದ್ಯರಿಗೆ ಅದನ್ನೂ ಹೇಳಿ. ಉಣ್ಣೆಯಿಂದ ಬರುವ ಜ್ವರದಲ್ಲಿಯೂ ವಾಂತಿ, ಹಸಿವಿಲ್ಲದಿರುವುದು ಕಾಣುತ್ತದೆ.

ಅಪರೂಪಕ್ಕೊಮ್ಮೆ ಹುಲ್ಲು ತಿನ್ನುವುದು ನಾಯಿಗಳ ಸಹಜ ಅಭ್ಯಾಸ, ಹೆಚ್ಚಿನವು ತಿಂದ ಮೇಲೆ ವಾಂತಿಯನ್ನೂ ಮಾಡುವುದಿಲ್ಲ. ಹೊಲದಂಚಿನ ಹುಲ್ಲಿಗೆ ಕೀಟನಾಶಕ ಬಿದ್ದಿದೆಯೇ ಎಂಬುದರ ಮೇಲೆ ಮಾತ್ರ ಕಣ್ಣಿಡಿ.

ಬೆಳೆದ ನಾಯಿ ಒಂದೆರಡು ಸಲ ವಾಂತಿ ಮಾಡಿ ಮಿಕ್ಕಂತೆ ಚುರುಕಾಗಿದ್ದರೆ ಆರರಿಂದ ಹನ್ನೆರಡು ಗಂಟೆ ಆಹಾರ ನಿಲ್ಲಿಸಿ. ಮರಿಗಳಿಗೂ ಸಕ್ಕರೆ ಕಾಯಿಲೆಯ ನಾಯಿಗಳಿಗೂ ಇದು ಸಲ್ಲದು. ನೀರನ್ನು ಪೂರ್ತಿ ನಿಲ್ಲಿಸಬೇಡಿ. ಬಟ್ಟಲು ತುಂಬ ಇಟ್ಟರೆ ಒಮ್ಮೆಗೇ ಕುಡಿದು ಮತ್ತೆ ಕಾರಿಕೊಳ್ಳುತ್ತದೆ, ಆದ್ದರಿಂದ ಅರ್ಧ ಗಂಟೆಗೊಮ್ಮೆ ಕೆಲವು ಚಮಚ. ಆಮೇಲೆ ಮೆತ್ತಗೆ ಬೆಂದ ಅನ್ನಕ್ಕೆ ಚರ್ಮ ತೆಗೆದು ಬೇಯಿಸಿದ ಕೋಳಿಮಾಂಸ, ಉಪ್ಪು ಖಾರ ಈರುಳ್ಳಿ ಒಗ್ಗರಣೆ ಏನೂ ಇಲ್ಲದೆ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ. ಎರಡು ಮೂರು ದಿನದಲ್ಲಿ ಹಳೆಯ ಊಟಕ್ಕೆ ಮರಳಬಹುದು.

ಮುಧೋಳ ನಾಯಿಯದು ಆಳವಾದ ಎದೆ. ಗ್ರೇಟ್ ಡೇನ್, ಡಾಬರ್‌ಮನ್, ಜರ್ಮನ್ ಶೆಫರ್ಡ್‌ಗಳಂತೆ ಇಂಥ ಮೈಕಟ್ಟಿನ ನಾಯಿಗಳಲ್ಲಿ ಹೊಟ್ಟೆ ಗಾಳಿಯಿಂದ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ಆಗ ನಾಯಿ ಮತ್ತೆ ಮತ್ತೆ ಓಕರಿಸುತ್ತದೆ, ಏನೂ ಹೊರಬರುವುದಿಲ್ಲ. ಬಂದರೆ ಸ್ವಲ್ಪ ನೊರೆ. ಜೊಲ್ಲು ಸುರಿಯುತ್ತದೆ, ಕೂತಲ್ಲಿ ಕೂರುವುದಿಲ್ಲ, ಪಕ್ಕೆಯ ಹಿಂದಿನ ಭಾಗ ಬಿಗಿದ ತಮಟೆಯಂತಾಗುತ್ತದೆ. ವಾಂತಿಯೇ ಬರುತ್ತಿಲ್ಲ ಎಂದು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿ ಕೆಲವೇ ಗಂಟೆಗಳ ಅವಕಾಶ, ಶಸ್ತ್ರಚಿಕಿತ್ಸೆಯೇ ದಾರಿ. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಎಂದು ಇಂದೇ ವಿಚಾರಿಸಿ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಲ್ಯಾಬ್ರಡಾರ್ ನಾಯಿ ಮಾವಿನ ಗೊರಟೆ ನುಂಗಿ ಮೂರು ದಿನವಾಯಿತು. ಎರಡು ದಿನ ಚೆನ್ನಾಗಿತ್ತು. ಈಗ ನೀರು ಕುಡಿದರೂ ವಾಂತಿ. ಗೊರಟೆ ಹೊರಬರಲಿ ಎಂದು ಉಪ್ಪುನೀರು ಕುಡಿಸಬಹುದೇ? — ಶ್ರೀನಿವಾಸಪುರದ ಓದುಗರು

ಉತ್ತರ: ಉಪ್ಪುನೀರು ಖಂಡಿತ ಬೇಡ. ವಾಂತಿ ಬಂದರೂ ಬಾರದಿದ್ದರೂ ಆ ಉಪ್ಪು ರಕ್ತಕ್ಕೆ ಸೇರಿ ಮಿದುಳಿಗೆ ಪೆಟ್ಟು ಕೊಡುತ್ತದೆ. ನಡುಕ, ಸೆಳೆತ, ಸಾವಿನವರೆಗೂ ಹೋಗಬಹುದು. ಮೇಲಾಗಿ ಗೊರಟೆ ಈಗ ಬಹುಶಃ ಹೊಟ್ಟೆಯನ್ನು ದಾಟಿ ಸಣ್ಣ ಕರುಳಿನಲ್ಲಿ ಕೂತಿದೆ. ಅಲ್ಲಿಂದ ಯಾವ ವಾಂತಿಯೂ ಅದನ್ನು ಮೇಲೆ ತರಲಾರದು.

ಗೊರಟೆ ಕೆಲವು ದಿನ ಹೊಟ್ಟೆಯಲ್ಲೇ ತೇಲಾಡಿಕೊಂಡಿದ್ದು ಆಮೇಲೆ ಕರುಳಿಗೆ ಇಳಿದು ಸಿಕ್ಕಿಕೊಳ್ಳಬಹುದು, ಎರಡು ದಿನ ಚೆನ್ನಾಗಿದ್ದುದಕ್ಕೆ ಅರ್ಥವಿಲ್ಲ. ಮೆಕ್ಕೆಜೋಳದ ದಿಂಡು, ಕಾಲುಚೀಲ, ಮಾಂಸದ ವಾಸನೆ ಹತ್ತಿದ ಪ್ಲಾಸ್ಟಿಕ್ ಚೀಲ ಇವೆಲ್ಲವೂ ಹೀಗೆಯೇ. ಗೊರಟೆ, ದಿಂಡು ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣದಿರಬಹುದು, ಹಾಗಾಗಿ ಅಲ್ಟ್ರಾಸೌಂಡ್ ಕೂಡ ಮಾಡಿಸಬೇಕಾದೀತು. ಒತ್ತಿದ ಜಾಗದ ಕರುಳಿಗೆ ರಕ್ತ ನಿಂತರೆ ಅದು ಕೊಳೆತು ತೂತಾಗುತ್ತದೆ. ಅದಕ್ಕೆ ಮುನ್ನ ಶಸ್ತ್ರಚಿಕಿತ್ಸೆಯಾದರೆ ನಾಯಿ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ಇಂದೇ ಕರೆದೊಯ್ಯಿರಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನಾಯಿಗಳಿಗೆ ಚಿಕಿತ್ಸೆ ಇದೆ. ಹೊರಡುವ ಮುನ್ನ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ: ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣಕ್ಕೆ ಮರಳಬೇಕು. ಮರಳದಿದ್ದರೆ ಅಥವಾ ಒಸಡು ಅಂಟಂಟಾಗಿ ಒಣಗಿದ್ದರೆ ಫೋನಿನಲ್ಲಿಯೇ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಎಂಟು ವರ್ಷದ ಹೆಣ್ಣುನಾಯಿ. ಬೆದೆಗೆ ಬಂದು ಒಂದೂವರೆ ತಿಂಗಳಾಯಿತು. ನಾಲ್ಕು ದಿನದಿಂದ ಆಗಾಗ ವಾಂತಿ, ನೀರು ಮಾತ್ರ ವಿಪರೀತ ಕುಡಿಯುತ್ತಿದೆ. ಬಿಸಿಲಿಗೆ ಹೀಗಾಗಿರಬಹುದೇ? — ಕಲಬುರಗಿಯ ಓದುಗರು

ಉತ್ತರ: ಬಿಸಿಲಿನ ಮೇಲೆ ಹಾಕಿ ಕೂರಬೇಡಿ. ಸಂತಾನಹರಣ ಚಿಕಿತ್ಸೆಯಾಗದ ಹೆಣ್ಣುನಾಯಿ ಬೆದೆ ಕಳೆದು ಒಂದೆರಡು ತಿಂಗಳಲ್ಲಿ ವಾಂತಿ ಮಾಡುತ್ತಾ ಹೆಚ್ಚು ನೀರು ಕುಡಿಯುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಸಾಧ್ಯತೆ ಬಲವಾಗಿದೆ. ಕೆಲವು ನಾಯಿಗಳಲ್ಲಿ ಕೀವು ಸ್ರವಿಸುತ್ತದೆ, ಕೆಲವುಗಳಲ್ಲಿ ದ್ವಾರ ಮುಚ್ಚಿಕೊಂಡು ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಎರಡನೆಯದು ಹೆಚ್ಚು ಅಪಾಯಕಾರಿ. ಸ್ಕ್ಯಾನಿಂಗ್‌ನಲ್ಲಿ ತಿಳಿಯುತ್ತದೆ. ಗರ್ಭಕೋಶ ತೆಗೆಯುವುದೇ ಖಚಿತ ಪರಿಹಾರ. ಇದಲ್ಲದಿದ್ದರೆ ಮೂತ್ರಪಿಂಡ ಅಥವಾ ಸಕ್ಕರೆ ಕಾಯಿಲೆ ಇರಬಹುದು, ಅವಕ್ಕೂ ಇಂದೇ ರಕ್ತಪರೀಕ್ಷೆ ಬೇಕು.

ಪ್ರಶ್ನೆ: ಹಬ್ಬದ ದಿನ ನಮ್ಮ ನಾಯಿ ಹೋಳಿಗೆ, ಪಾಯಸ, ಮಿಕ್ಕ ಸಾರನ್ನ ಎಲ್ಲವನ್ನೂ ತಿಂದು ರಾತ್ರಿಯಿಡೀ ವಾಂತಿ ಮಾಡಿತು. ಮರುದಿನ ಸರಿಹೋಯಿತು. ಮನೆಯ ಊಟದಲ್ಲಿ ಯಾವುದು ಅಪಾಯ? — ಉಡುಪಿಯ ಓದುಗರು

ಉತ್ತರ: ಪಾಯಸದ ಒಣದ್ರಾಕ್ಷಿ ನನ್ನ ಮೊದಲ ಚಿಂತೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡವನ್ನು ಹಾಳುಮಾಡುತ್ತವೆ. ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬೇರೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವೆಂದು ಈಗ ಬಲವಾಗಿ ಶಂಕಿಸಲಾಗಿದೆ. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ, ಹುಣಸೆ ತಿಂದ ನಾಯಿಗಳ ಮೂತ್ರಪಿಂಡ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ನಮ್ಮ ಸಾರು, ಹುಳಿ, ಗೊಜ್ಜುಗಳಲ್ಲಿ ಹುಣಸೆಯ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತದೆ, ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಾರನ್ನವನ್ನು ನಾಯಿಗೆ ಹಾಕುವ ರೂಢಿಯನ್ನು ಬಿಡುವುದೇ ಒಳ್ಳೆಯದು. ಇನ್ನು ತುಪ್ಪ ಸುರಿದ ಹೋಳಿಗೆಯಂಥ ಜಿಡ್ಡಿನ ಊಟದಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಆಗ ನಾಯಿ ಮುಂಗಾಲು ಚಾಚಿ, ಎದೆ ನೆಲಕ್ಕಿಟ್ಟು, ಹಿಂಭಾಗ ಎತ್ತಿ ನಿಲ್ಲುತ್ತದೆ. ನಮಸ್ಕಾರ ಮಾಡುತ್ತಿದೆ ಎಂದು ಮಕ್ಕಳು ನಗಬಹುದು, ಅದು ಹೊಟ್ಟೆನೋವಿನ ಭಂಗಿ.

ನಾಯಿಯ ವಾಂತಿಗೆ ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೇನ್ ಕೊಡಲೇಬೇಡಿ. ಎರಡನೆಯದು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ. ವಾಂತಿಯಲ್ಲಿ ಕಾಫಿಪುಡಿಯಂಥ ಕಪ್ಪು ಚರಟ ಕಂಡರೆ ಅದು ಜೀರ್ಣವಾದ ರಕ್ತ. ಇಲಿ ಪಾಷಾಣ ತಿಂದ ಶಂಕೆಯಿದ್ದರೆ ಹಾಲು, ಅನ್ನ ಏನನ್ನೂ ಹಾಕದೆ ಹೊರಡಿ. ಸಾಮಾನ್ಯವಾಗಿ ಸಿಗುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸೇರಿ ವಿಷಾನಿಲವಾಗುತ್ತದೆ, ಆಹಾರ ಬಿದ್ದರೆ ಆಮ್ಲ ಹೆಚ್ಚುತ್ತದೆ. ಆ ವಾಂತಿಯ ಗಾಳಿ ನಿಮಗೂ ಅಪಾಯ, ಕಾರಿನ ಕಿಟಕಿಗಳನ್ನು ತೆರೆದಿಡಿ.

ನಿಮ್ಮ ನಾಯಿ ಚೇತರಿಸಿಕೊಂಡಂತೆ ಕಂಡರೂ ಒಂದು ಸಲ ರಕ್ತಪರೀಕ್ಷೆ ಮಾಡಿಸಿ. ದ್ರಾಕ್ಷಿಯ ಪರಿಣಾಮದಲ್ಲಿ ವಾಂತಿ ನಿಂತ ಮೇಲೆ ಒಂದೆರಡು ದಿನ ಕಳೆದು ಮೂತ್ರಪಿಂಡ ಸೋಲುವುದುಂಟು. ಮೂತ್ರ ಕಡಿಮೆಯಾದರೆ ಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ ವೈದ್ಯರಿಗೆ ಕರೆ ಮಾಡಿ. ಪಾಯಸದಲ್ಲಿ ಸುಮಾರು ಎಷ್ಟು ದ್ರಾಕ್ಷಿ ಹಾಕಿದ್ದಿರಿ, ಎಷ್ಟು ಹೊತ್ತಿಗೆ ತಿಂದಿತು ಎಂಬುದನ್ನು ತಪ್ಪದೆ ಹೇಳಿ.