ಅರಗಿನ ಗೊಂಬೆಗೆ ಸ್ಪಿರಿಟ್ ಬೇಡ

ವಯಸ್ಸು ನಲವತ್ತೈದು ದಾಟಿದ ಮೇಲೂ ನೀವು ಸಂಗ್ರಹಿಸುತ್ತಿರುವ ಚನ್ನಪಟ್ಟಣದ ಗೊಂಬೆಗಳು ಮಂಕಾಗಿದ್ದು, ಅವುಗಳನ್ನು ಸ್ಪಿರಿಟ್‌ನಿಂದ ಒರೆಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. (ಈ ವಯಸ್ಸಿನಲ್ಲಿ ಗೊಂಬೆಯೇ ಎಂದು ಮನೆಯವರು ನಗುತ್ತಾರೆಂಬ ಸಂಕೋಚವೂ ಬೇಡ, ದಸರೆಯಲ್ಲಿ ಗೊಂಬೆ ಕೂರಿಸುವವರು ದೊಡ್ಡವರೇ ಅಲ್ಲವೇ?) ಸಾಂಪ್ರದಾಯಿಕ ಕ್ರಮದಲ್ಲಿ ಆಲೆ ಮರವನ್ನು ತಿರುಗುವ ಯಂತ್ರದಲ್ಲಿ (ಲೇತ್) ಕಡೆದು, ವೇಗವಾಗಿ ತಿರುಗುತ್ತಿರುವ ಗೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಬಳಿಕ ಒಣಗಿದ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಅರಗು ಸ್ಪಿರಿಟ್‌ನಲ್ಲಿ, ಅಂದರೆ ಆಲ್ಕೋಹಾಲ್‌ನಲ್ಲಿ, ಕರಗುವುದರಿಂದ, ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಹಚ್ಚಿದ ಕೈ ತಗುಲಿದರೂ ಬಣ್ಣ ಅಂಟಂಟಾಗಿ ಕಲೆ ಉಳಿಯಬಹುದು. ನನ್ನದೊಂದು ಬುಗುರಿ ಹೀಗೆಯೇ ಕೆಟ್ಟಿತು. ಒಣಗಿದ ಮೆತ್ತನೆಯ ಹತ್ತಿಬಟ್ಟೆಯಿಂದ ತಾಳ್ಮೆಯಾಗಿ ಉಜ್ಜಿರಿ, ನೀರಿನಲ್ಲಿ ನೆನೆಸಬೇಡಿ. ಬಣ್ಣ ಮಾಸದಿರಲು ನೇರ ಬಿಸಿಲು ಬೀಳದ ಕಪಾಟಿನಲ್ಲಿಡಿ.