"ಅವನಿಗೆ ಸಂಸಾರ ಇದೆ, ನಿಮಗೇನು?"

ಪ್ರೀತಿಯ ಅಕ್ಕ,

ಹೆಸರು, ಊರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ವಯಸ್ಸಿನಲ್ಲಿ ನನಗಿಂತ ದೊಡ್ಡವರು ಅಂತ ಪತ್ರದಿಂದ ಗೊತ್ತಾಯಿತು, ಅದಕ್ಕೇ ಅಕ್ಕ ಅಂದೆ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ವಿಷಯ ಇಷ್ಟು: ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ನೀವು 12 ವರ್ಷದಿಂದ ಲೆಕ್ಕ ನೋಡುತ್ತಿದ್ದೀರಿ. ಮೂರು ವರ್ಷದ ಹಿಂದೆ ಬಂದ ಹುಡುಗನಿಗೆ ಟ್ಯಾಲಿ, ಜಿಎಸ್‌ಟಿ ರಿಟರ್ನ್ ಎಲ್ಲ ಕಲಿಸಿದ್ದೂ ನೀವೇ. ಅವನ ಸಂಬಳ 22,000, ನಿಮ್ಮದು 18,000. ಅವನೇ ಮಾತಿಗೆ ಹೇಳಿದ್ದು. ಈಗ ಅಕೌಂಟ್ಸ್ ಹೆಡ್ ನಿವೃತ್ತರಾಗುತ್ತಿದ್ದಾರೆ, ಆ ಜಾಗಕ್ಕೂ ಅವನ ಹೆಸರೇ ಓಡಾಡುತ್ತಿದೆ. ಮಾಲೀಕರನ್ನು ಕೇಳಿದ್ದಕ್ಕೆ, "ಅವನಿಗೆ ಸಂಸಾರ ಇದೆಯಮ್ಮ, ನಿಮಗೇನು, ಯಜಮಾನರು ದುಡೀತಾರಲ್ಲ" ಅಂದರು. ಕೊನೆಯಲ್ಲಿ ನೀವು ಕೇಳಿದ್ದೀರಿ: "ಇನ್ನೂ ಕೇಳಿದರೆ ದುರಾಸೆ ಆಗುತ್ತಾ?"

ಇಲ್ಲ ಅಕ್ಕ, ಆಗಲ್ಲ.

ಮಾಲೀಕರ ಆ ಮಾತನ್ನು ಇನ್ನೊಂದು ಸಲ ಓದಿ. ನಿಮ್ಮ ಕೆಲಸ ಸರಿಯಿಲ್ಲ ಅಂತ ಅವರು ಹೇಳಲೇ ಇಲ್ಲ. ಕೆಲಸದ ಬಗ್ಗೆ ಮಾತೇ ಆಡಲಿಲ್ಲ. ನಿಮ್ಮ ಮನೆಯ ಬಗ್ಗೆ ಮಾತಾಡಿದರು. ಸಂಬಳ ಕೊಡುವುದು ಮಾಡಿದ ಕೆಲಸಕ್ಕೆ, ಮನೆಯಲ್ಲಿ ಇನ್ಯಾರು ದುಡೀತಾರೆ ಅನ್ನೋದಕ್ಕಲ್ಲ. ಹಾಗೆ ನೋಡಿದರೆ ಹೆಂಡತಿ ಟೀಚರ್ ಆಗಿರುವ ಗಂಡಸಿಗೂ ಕಡಿಮೆ ಕೊಡಬೇಕಿತ್ತು. ಯಾರಿಗಾದರೂ ಹಾಗೆ ಕೊಟ್ಟದ್ದನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ.

ನಾಲ್ಕು ಸಾವಿರ ತಾನೇ, ಬಿಡು ಅಂತ ಮನೆಯವರು ಹೇಳಿದರು ಎಂದು ಬರೆದಿದ್ದೀರಿ. ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೂ ಒಮ್ಮೆ ಹಾಕಿ ನೋಡಿ. ಇಬ್ಬರಿಗೂ ವರ್ಷಕ್ಕೆ ಶೇ. 10ರಂತೆ ಏರಿಸಿದರು ಅಂತಿಟ್ಟುಕೊಳ್ಳಿ. ಏರಿಕೆ ಸಮ, ಅಲ್ವಾ? ಆದರೆ ಐದು ವರ್ಷಕ್ಕೆ ಆ 4,000ದ ಅಂತರ 6,400 ದಾಟುತ್ತದೆ. ಪಿಎಫ್, ಗ್ರಾಚ್ಯುಟಿ ಎಲ್ಲವೂ ಮೂಲ ಸಂಬಳದ ಮೇಲೆಯೇ ನಿಂತಿರುವುದರಿಂದ ಈ ಅಂತರ ನಿವೃತ್ತಿಯ ದಿನದವರೆಗೂ ಹಿಂದೆ ಬರುತ್ತದೆ.

ಕಾನೂನು ಏನು ಹೇಳುತ್ತೆ ಅಂತಲೂ ಕೇಳಿದ್ದೀರಿ. ಒಂದೇ ಅಥವಾ ಒಂದೇ ಬಗೆಯ ಕೆಲಸಕ್ಕೆ ಗಂಡು, ಹೆಣ್ಣಿಗೆ ಬೇರೆ ಬೇರೆ ಸಂಬಳ ಕೊಡುವಂತಿಲ್ಲ ಅಂತ 1976ರಲ್ಲೇ ಸಮಾನ ವೇತನ ಕಾಯ್ದೆ ಬಂತು. 2019ರ ವೇತನ ಸಂಹಿತೆಯಲ್ಲೂ ಅದೇ ಮಾತಿದೆ. ಮುಂಬೈಯ ಹಡಗು ವ್ಯವಹಾರದ ಕಂಪನಿ ಮೆಕಿನನ್ ಮೆಕೆಂಜಿಯಲ್ಲಿ ಆಡ್ರೆ ಡಿಕೋಸ್ಟಾ ಎಂಬುವರು ಸ್ಟೆನೋಗ್ರಾಫರ್ ಆಗಿದ್ದರು. ಗಂಡು ಸ್ಟೆನೋಗಳಿಗೆ ಜಾಸ್ತಿ, ಇವರಿಗೆ ಕಡಿಮೆ. ಇವರು 'ಲೇಡಿ ಸ್ಟೆನೋಗ್ರಾಫರ್', ಕೆಲಸವೇ ಬೇರೆ ಅಂತ ಕಂಪನಿ ವಾದಿಸಿತು, ಅಷ್ಟು ಕೊಡುವ ಶಕ್ತಿಯಿಲ್ಲ ಅಂತಲೂ ಹೇಳಿತು. 1987ರಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಒಪ್ಪಲಿಲ್ಲ. "ನಮ್ಮದು ಸಣ್ಣ ಕಂಪನಿ, ಎಲ್ಲಿಂದ ತರಲಿ" ಅಂತ ನಿಮ್ಮ ಮಾಲೀಕರು ಅಂದರೆ ಈ ಕೇಸು ನೆನಪಿರಲಿ.

ಇನ್ನೊಂದು ವಿಷಯ. ನಿಮ್ಮಿಂದಾಗಿ ಆ ಹುಡುಗನ ಸಂಬಳ ಕಡಿಮೆಯಾದರೆ ಅಂತ ಹೆದರಿದ್ದೀರಿ. ಹೆದರಬೇಡಿ. ಸಮ ಮಾಡುವ ನೆಪದಲ್ಲಿ ಯಾರ ಸಂಬಳವನ್ನೂ ಇಳಿಸುವಂತಿಲ್ಲ ಅಂತ ಅದೇ ಕಾನೂನು ಹೇಳುತ್ತದೆ.

ಆದರೆ ನನಗೆ ಸಂಬಳಕ್ಕಿಂತ ಆ ಖಾಲಿಯಾಗುವ ಕುರ್ಚಿಯದ್ದೇ ಜಾಸ್ತಿ ಚಿಂತೆ. ಪತ್ರದಲ್ಲಿ ಅದರ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, "ನಮಗ್ಯಾಕೆ ಆ ತಲೆನೋವು" ಅಂತ. ಈ ಮಾತು ನನಗೆ ಚೆನ್ನಾಗಿ ಗೊತ್ತು, ನಾನೂ ಆಡಿದ್ದೇನೆ. ಹಿಂದೆ ದಿನಪತ್ರಿಕೆಯೊಂದರ ಡೆಸ್ಕ್‌ನಲ್ಲಿದ್ದಾಗ ಹೆಂಗಸರಿಗೆ ನೈಟ್ ಶಿಫ್ಟ್ ಹಾಕುತ್ತಿರಲಿಲ್ಲ. ನಿಮ್ಮ ಒಳ್ಳೆಯದಕ್ಕೇ ಅನ್ನುತ್ತಿದ್ದರು, ನಾವೂ ಸದ್ಯ ಮನೆಗೆ ಬೇಗ ಹೋಗಬಹುದು ಅಂದುಕೊಂಡೆವು. ಮುಖಪುಟ ತಯಾರಾಗುವುದು ರಾತ್ರಿ. ಮುಖಪುಟ ಮಾಡಿ ಅನುಭವ ಇದ್ದವರೇ ಚೀಫ್ ಸಬ್, ಅಂದರೆ ಮುಖ್ಯ ಉಪಸಂಪಾದಕರು, ಆಗುತ್ತಿದ್ದರು. ಹೀಗೆ ನಮ್ಮ ಒಳ್ಳೆಯದಕ್ಕೆ ಅಂತ ಮಾಡಿದ ಏರ್ಪಾಡಿನಲ್ಲಿ ಏಳು ವರ್ಷ ನಾನು ಒಳಪುಟಗಳಲ್ಲೇ ಉಳಿದೆ. ಆಮೇಲೆ ಡೆಸ್ಕ್‌ನ ನಾವಿಬ್ಬರು ಹೆಂಗಸರು ಸೇರಿ ಬರೆದು ಕೊಟ್ಟೆವು: ನೈಟ್ ಶಿಫ್ಟ್ ಬೇಕು, ಮನೆಗೆ ಬಿಡಲು ಗಾಡಿ ಬೇಕು. ಎರಡೇ ಸಾಲು. ಬಾಯಲ್ಲಿ ನೂರು ಸಲ ಹೇಳಿದ್ದಕ್ಕೆ ಸಿಗದ ಉತ್ತರ ಆ ಕಾಗದಕ್ಕೆ ಮೂರು ವಾರದಲ್ಲಿ ಸಿಕ್ಕಿತು. ಏಳು ವರ್ಷ ಯಾಕೆ ಕಾದೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮ ಅವರ ಹೆಸರು ಕೇಳಿದ್ದೀರಾ? 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು. ಸೇರುವಾಗಲೇ, ಮದುವೆಯಾದರೆ ಕೆಲಸ ಬಿಡುತ್ತೇನೆ ಅಂತ ಅವರಿಂದ ಮುಚ್ಚಳಿಕೆ ಬರೆಸಿಕೊಂಡಿದ್ದರು. ಹೆಣ್ಣು ಅಧಿಕಾರಿ ಮದುವೆಗೆ ಸರ್ಕಾರದ ಲಿಖಿತ ಒಪ್ಪಿಗೆ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡ ಬರುತ್ತದೆ ಅನ್ನಿಸಿದರೆ ಸರ್ಕಾರ ರಾಜೀನಾಮೆ ಕೇಳಬಹುದು ಅಂತ ನಿಯಮವೇ ಇತ್ತು. ಗಂಡಸರಿಗೆ ಇಂಥ ನಿಯಮ ಇರಲಿಲ್ಲ. ನೋಡಿ, ನಿಮ್ಮಲ್ಲಿ ಗಂಡಸಿಗೆ ಸಂಸಾರ ಇದೆ ಅಂತ ಜಾಸ್ತಿ ಸಂಬಳ, ಅಲ್ಲಿ ಹೆಂಗಸಿಗೆ ಸಂಸಾರ ಆದರೆ ಕೆಲಸಕ್ಕೇ ಕುತ್ತು. ರಾಯಭಾರಿಯಾಗಿ ಕೆಲಸ ಮಾಡಿದ ಮೇಲೂ ಮುಂದಿನ ದರ್ಜೆಗೆ ಬಡ್ತಿ ಸಿಗದಾಗ ಅವರು ನೇರ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ಮುಗಿಯುವ ಮೊದಲೇ ಸರ್ಕಾರ ಬಡ್ತಿ ಕೊಟ್ಟಿತು. ಬಡ್ತಿ ಸಿಕ್ಕಿದ್ದರಿಂದ ಕೋರ್ಟು ಅರ್ಜಿಯನ್ನು ಅಲ್ಲಿಗೇ ಮುಗಿಸಿತು. ಆದರೂ 1979ರ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಹೆಣ್ಣು ಗಂಡಿನ ಭೇದ ಇರುವ ಸೇವಾ ನಿಯಮಗಳನ್ನೆಲ್ಲ ತಿದ್ದಬೇಕು ಅಂತ ಸರ್ಕಾರಕ್ಕೆ ಖಾರವಾಗಿಯೇ ಹೇಳಿದರು.

ನೀವು ಕೋರ್ಟಿಗೆ ಹೋಗಿ ಅಂತ ಹೇಳುತ್ತಿಲ್ಲ. ಬರೆದು ಕೇಳಿ ಅಂತಿದ್ದೇನೆ. ಎದುರು ನಿಂತು ಕೇಳಿದರೆ ಕಣ್ಣಲ್ಲಿ ನೀರು ಬರುತ್ತೆ ಅಂದಿದ್ದೀರಲ್ಲ, ಕಾಗದಕ್ಕೆ ಆ ತೊಂದರೆ ಇಲ್ಲ. ಮನೆ ಖರ್ಚು, ಮಗಳ ಫೀಸು ಯಾವುದೂ ಅದರಲ್ಲಿ ಬರಬಾರದು. ನೀವು ಮಾಡುವ ಕೆಲಸಗಳನ್ನು ಬರೆಯಿರಿ: ಎಷ್ಟು ವರ್ಷದಿಂದ ರಿಟರ್ನ್ ಹಾಕುತ್ತಿದ್ದೀರಿ, ಆಡಿಟ್‌ಗೆ ಯಾರು ಕೂರುತ್ತಾರೆ, ಯಾರಿಗೆ ಕೆಲಸ ಕಲಿಸಿದ್ದೀರಿ. ಎಷ್ಟು ಸಂಬಳ ಬೇಕು ಅಂತ ಅಂಕಿಯಲ್ಲೇ ಹಾಕಿ. ಹೆಡ್ ಹುದ್ದೆಗೆ ನಾನು ಸಿದ್ಧ ಅಂತ ನೇರವಾಗಿ ಬರೆಯಿರಿ. ಆ ಕುರ್ಚಿಯಲ್ಲಿ ಕೂತವರೇ ನಾಳೆ ಯಾರಿಗೆಷ್ಟು ಏರಿಸಬೇಕು ಅಂತ ಮಾಲೀಕರಿಗೆ ಹೇಳುವವರು, ನಿಮ್ಮಲ್ಲಿ ಬಿಲ್ಲಿಂಗ್‌ನಲ್ಲಿರುವ ಇಬ್ಬರು ಹುಡುಗಿಯರ ಸಂಬಳ ಸೇರಿ.

ಆ ಹುಡುಗಿಯರನ್ನೂ ಕೇಳಿ ನೋಡಿ, ಅವರಿಗೂ ಹೀಗೇ ಇರಬಹುದು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಹೊಸ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಜನ ರಸ್ತೆಗೆ ಬಂದರು. ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ನೀವು ಮೂವರೇ ಇರಬಹುದು, ಆದರೂ ಒಬ್ಬರ ಸಹಿಗಿಂತ ಮೂವರ ಸಹಿಗೆ ತೂಕ ಜಾಸ್ತಿ.

ಕೇಳಿದರೆ ಮುಖ ತಿರುಗಿಸಬಹುದು, ಒಂದಷ್ಟು ದಿನ ಕಿರಿಕಿರಿ ಆಗಬಹುದು. ಸುಮ್ನೆ ಧೈರ್ಯ ತುಂಬಲು ಏನೂ ಆಗಲ್ಲ ಅಂತ ನಾನು ಹೇಳಲಾರೆ. ಅದಕ್ಕೇ ನಿಮ್ಮ 12 ವರ್ಷದ ಸಂಬಳದ ಚೀಟಿಗಳು, ನೇಮಕದ ಪತ್ರ ಎಲ್ಲದರ ಒಂದು ಪ್ರತಿ ಮನೆಯಲ್ಲಿಡಿ.

ಕಾಗದವನ್ನು ಮಾರ್ಚ್ ಒಳಗೆ, ಹೊಸ ವರ್ಷದ ಸಂಬಳ ನಿಗದಿಯಾಗುವ ಮೊದಲು ಕೊಡಿ. ಕೊಡುವ ಮೊದಲು ನನಗೊಮ್ಮೆ ತೋರಿಸಬೇಕು ಅನ್ನಿಸಿದರೆ ಕಳಿಸಿ, ಓದುತ್ತೇನೆ. "ದಯವಿಟ್ಟು", "ದೊಡ್ಡ ಮನಸ್ಸು ಮಾಡಿ" ಅಂತ ಎಲ್ಲಿದ್ದರೂ ಹೊಡೆದು ಹಾಕುತ್ತೇನೆ.

ನಿಮ್ಮ,
ಸಂಪಾದಕಿ